ಮಿರಗದ ಮಳೆಗೆ ಮೊದಲು ಒಂದು ಚುಚ್ಚುಮದ್ದು

ಕಳೆದ ವರ್ಷ ಜೂನ್ ಕೊನೆಯ ವಾರ. ಹೊರಗೆ ಆರಿದ್ರಾ ಮಳೆ ಹಿಡಿದಿತ್ತು. ಅಮ್ಮನಿಗೆ ಎಪ್ಪತ್ತೆರಡು ವರ್ಷ, ಜೊತೆಗೆ ಹಳೆಯ ಸಕ್ಕರೆ ಕಾಯಿಲೆ. ಫ್ಲೂ ಲಸಿಕೆ ಹಾಕಿಸೋಣವೆಂದು ಕ್ಲಿನಿಕ್ಕೊಂದಕ್ಕೆ ಕರೆದುಕೊಂಡು ಹೋಗಿದ್ದೆ. ನರ್ಸ್ ಫ್ರಿಜ್ ತೆಗೆದು ಅಂಗೈಯಗಲದ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟರು. ಅದರ ಮಗ್ಗುಲಲ್ಲಿ ಸಣ್ಣ ಅಕ್ಷರದಲ್ಲಿ ಹಿಂದಿನ ವರ್ಷದ ಇಸವಿ, ಪಕ್ಕದಲ್ಲಿ ‘ಉತ್ತರ ಗೋಳಾರ್ಧ’ ಎಂಬ ಗುರುತು. ಅವಧಿ ಮುಗಿಯಲು ಇನ್ನು ಕೆಲವೇ ದಿನ ಬಾಕಿ ಇತ್ತು. ಹೊಸದು ಇಲ್ಲವೇ ಎಂದು ಕೇಳಿದೆ. “ಫ್ಲೂ ಚಳಿಗಾಲದ ಕಾಯಿಲೆ ಅಲ್ವಾ ಸರ್, ಹೊಸ ಸ್ಟಾಕ್ ಅಕ್ಟೋಬರಿಗೆ ಬರುತ್ತೆ, ಆಗ ಬನ್ನಿ” ಎಂದರು. ಹಾಕಿಸದೆ ಮನೆಗೆ ಬಂದೆವು.

ಎಂಟನೆಯ ದಿನ ಅಮ್ಮನಿಗೆ ಜ್ವರ ಏರಿತು. ಗಂಟಲ ದ್ರವದ ಪರೀಕ್ಷೆಯಲ್ಲಿ ಇನ್‌ಫ್ಲುಯೆನ್ಜಾ ಎಂದು ಬಂತು. ಐದು ದಿನ ಆಸ್ಪತ್ರೆ, ಆಮೇಲೆ ಒಂದು ತಿಂಗಳು ಸುಸ್ತು. ಅಂದು ಹಾಕಿಸಿಯೇ ಬಿಡಬೇಕಿತ್ತು ಎಂದು ಎಷ್ಟೋ ಸಲ ಅಂದುಕೊಂಡೆ. ಆದರೆ ಲಸಿಕೆ ತೋಳಿಗೆ ಇಳಿದ ದಿನವೇ ರಕ್ಷಣೆ ಸಿಗುವುದಿಲ್ಲ, ಅದಕ್ಕೆ ಸುಮಾರು ಎರಡು ವಾರ ಬೇಕು. ಅಂದು ಹಾಕಿಸಿದ್ದರೂ ಎಂಟನೆಯ ದಿನದ ಜ್ವರಕ್ಕೆ ಅದು ತಡವೇ. ನಾವು ಹೋಗಬೇಕಾಗಿದ್ದುದು ಮೇ ತಿಂಗಳಲ್ಲಿ.

ಫ್ಲೂ ಚಳಿಗಾಲದ ಕಾಯಿಲೆ ಎಂಬ ಮಾತು ಸುಳ್ಳೇನಲ್ಲ. ಲಂಡನ್ನಿಗೆ, ನ್ಯೂಯಾರ್ಕಿಗೆ ಅದು ಪೂರ್ತಿ ನಿಜ. ಅಲ್ಲಿ ಒಣ ಚಳಿಯಲ್ಲಿ ವೈರಸ್ ಹೆಚ್ಚು ಹೊತ್ತು ಬದುಕಿರುತ್ತದೆ, ಜನ ಕಿಟಕಿ ಮುಚ್ಚಿ ಒಳಗೆ ಕೂರುತ್ತಾರೆ. ನಮ್ಮಂಥ ಉಷ್ಣವಲಯದಲ್ಲಿ ಲೆಕ್ಕ ಬೇರೆ. ಜಗತ್ತಿನ ಹಲವು ಊರುಗಳ ಹವಾಮಾನವನ್ನೂ ಫ್ಲೂ ದಾಖಲೆಗಳನ್ನೂ ಜೋಡಿಸಿ ನೋಡಿದ ಸಂಶೋಧಕರು 2013ರಲ್ಲಿ ಹೇಳಿದ್ದು ಇದನ್ನೇ: ಫ್ಲೂ ಉಲ್ಬಣಿಸುವ ಹವೆ ಎರಡು ಬಗೆಯದು, ಒಂದು ಒಣ ಚಳಿ, ಇನ್ನೊಂದು ಜಿಟಿಜಿಟಿ ಮಳೆಯ ತೇವ. ನಮ್ಮದು ಎರಡನೆಯದು.

ಭಾರತದೊಳಗೂ ಒಂದೇ ಕಾಲವಿಲ್ಲ. ದೇಶದ ಹತ್ತು ಕಡೆ ರೋಗಿಗಳ ಮಾದರಿಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಶ್ರೀನಗರದಲ್ಲಿ ಫ್ಲೂ ಏರುವುದು ಜನವರಿಯಿಂದ ಮಾರ್ಚ್‌ವರೆಗಿನ ಚಳಿಯಲ್ಲಿ. ದೆಹಲಿ, ಪುಣೆ, ಕೋಲ್ಕತ್ತಗಳಲ್ಲಿ ಏರುವುದು ಮುಂಗಾರಿನಲ್ಲಿ. ಹಿಂಗಾರು ಮಳೆಯ ಚೆನ್ನೈ, ವೆಲ್ಲೂರುಗಳಲ್ಲಿ ಅಕ್ಟೋಬರ್–ನವೆಂಬರಿನಲ್ಲಿ. ಶ್ರೀನಗರದ ಚಳಿ ಬಿಟ್ಟರೆ, ಮಳೆ ಎಲ್ಲಿ ಯಾವಾಗಲೋ ಜ್ವರವೂ ಅಲ್ಲಿ ಆವಾಗಲೇ. ದೇಶದ ಬಹುಭಾಗಕ್ಕೆ ಲಸಿಕೆಯ ಸರಿಯಾದ ಕಾಲ ಏಪ್ರಿಲ್–ಮೇ ಎಂಬುದು ಆ ಅಧ್ಯಯನದ ತೀರ್ಮಾನ. ಮುಂಗಾರನ್ನೇ ನಂಬಿದ ಕರ್ನಾಟಕಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ.

ನಮ್ಮ ರೈತರು ಬಿತ್ತನೆಗೆ ತಾರೀಖು ನೋಡುವುದಕ್ಕಿಂತ ಮಳೆ ನಕ್ಷತ್ರ ನೋಡುತ್ತಾರೆ. ಭರಣಿ, ಕೃತ್ತಿಕೆ, ರೋಹಿಣಿ, ಆಮೇಲೆ ಜೂನ್ ಎರಡನೆಯ ವಾರದ ಹೊತ್ತಿಗೆ ಮೃಗಶಿರ, ಹಳ್ಳಿಯ ಬಾಯಲ್ಲಿ ಮಿರಗ. ಮಿರಗ ಹಿಡಿಯುವ ಮೊದಲು ಹೊಲ ಹಸನಾಗಿರಬೇಕು, ಸೌದೆ ಒಳಗೆ ಬಂದಿರಬೇಕು, ಸೂರಿನ ಹೆಂಚು ಕೈಯಾಡಿಸಿರಬೇಕು. ಮನೆಯ ಹಿರಿಯರ ಲಸಿಕೆಯನ್ನೂ ಈ ಕೆಲಸಗಳ ಸಾಲಿಗೇ ಸೇರಿಸಬೇಕೆಂಬುದು ನನ್ನ ಮಾತು. ಕೃತ್ತಿಕೆ ಮಳೆಯ ಹೊತ್ತಿಗೆ, ಅಂದರೆ ಮೇ ಎರಡನೆಯ ವಾರದ ಆಸುಪಾಸಿನಲ್ಲಿ ಹಾಕಿಸಿಕೊಂಡರೆ ಮಿರಗದ ಹೊತ್ತಿಗೆ ಮೈ ಸಿದ್ಧವಾಗಿರುತ್ತದೆ.

ಹಾಗಾದರೆ ಜನವರಿಯಲ್ಲೇ ಹಾಕಿಸಿ ನಿಶ್ಚಿಂತೆಯಾಗಿ ಇರಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ವಯಸ್ಸಾದ ಮೈ ಲಸಿಕೆಯನ್ನು ಹೇಗೆ ಬಳಸಿಕೊಳ್ಳುತ್ತದೆ ಎಂದು ನೋಡಿದರೆ ಉತ್ತರ ಸಿಗುತ್ತದೆ. ತೋಳಿನ ಸ್ನಾಯುವಿಗೆ ಇಳಿಯುವುದು ಸತ್ತ ವೈರಸ್ಸಿನ ಮೇಲ್ಮೈ ಪ್ರೋಟೀನು. ಅದರ ತುಣುಕುಗಳನ್ನು ಕಾವಲು ಕೋಶಗಳು ಕಂಕುಳಿನ ದುಗ್ಧಗ್ರಂಥಿಗಳಿಗೆ ಒಯ್ಯುತ್ತವೆ. ಅಲ್ಲಿ ಬಿ ಕೋಶಗಳು ಟಿ ಕೋಶಗಳ ನೆರವಿನಿಂದ ಪ್ರತಿಕಾಯಗಳನ್ನು ರೂಪಿಸುವುದು, ತಿದ್ದುವುದು, ಹೆಚ್ಚು ಬಿಗಿಯಾಗಿ ಹಿಡಿಯುವಂಥವನ್ನು ಆರಿಸುವುದು ನಡೆಯುತ್ತದೆ. ಎರಡು ವಾರ ಬೇಕಾಗುವುದು ಈ ಕೆಲಸಕ್ಕೇ.

ಹೊಸ ಟಿ ಕೋಶಗಳು ಪಳಗುವ ಜಾಗ ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿ. ಹರೆಯ ಕಳೆದಂತೆ ಅದು ಕುಗ್ಗುತ್ತಾ ಹೋಗಿ, ಅರವತ್ತೈದರ ಹೊತ್ತಿಗೆ ಬಹುಪಾಲು ಕೊಬ್ಬಾಗಿರುತ್ತದೆ. ಹಳೆಯ ಶತ್ರುಗಳ ನೆನಪು ಉಳಿದಿರುತ್ತದೆ, ಹೊಸ ಶತ್ರುವನ್ನು ಗುರುತಿಸುವ ಹೊಸ ಕೋಶಗಳು ಕಡಿಮೆಯಾಗಿರುತ್ತವೆ. ಹೀಗಾಗಿ ಮೊಮ್ಮಗನಿಗೆ ಹಾಕಿದ ಲಸಿಕೆಯೇ ಅಜ್ಜಿಯ ಮೈಯಲ್ಲಿ ಕಡಿಮೆ ಪ್ರತಿಕಾಯ ಹುಟ್ಟಿಸುತ್ತದೆ, ಅದೂ ಬೇಗ ಇಳಿಯುತ್ತದೆ. ಮೊದಲ ಕೆಲವು ತಿಂಗಳು ರಕ್ಷಣೆ ಚೆನ್ನಾಗಿದ್ದು ಆಮೇಲೆ ತಿಂಗಳು ತಿಂಗಳಿಗೂ ಸವೆಯುತ್ತದೆ. ಹಿರಿಯರನ್ನು ಹೆಚ್ಚು ಕಾಡುವ ಎಚ್‌3ಎನ್‌2 ಬಗೆಯ ವಿರುದ್ಧ ಈ ಸವೆತ ಇನ್ನೂ ಸ್ಪಷ್ಟ. ಚಳಿಗಾಲದ ಫ್ಲೂ ಇರುವ ಅಮೆರಿಕದಲ್ಲಿ ಅರವತ್ತೈದು ದಾಟಿದವರು ಜುಲೈ–ಆಗಸ್ಟ್‌ನಲ್ಲಿ ಅವಸರಪಟ್ಟು ಹಾಕಿಸಿಕೊಳ್ಳದೆ ಸೆಪ್ಟೆಂಬರ್–ಅಕ್ಟೋಬರಿನವರೆಗೆ ಕಾಯಲಿ ಎಂದು ಅಲ್ಲಿನ ಆರೋಗ್ಯ ಸಂಸ್ಥೆ ಸಲಹೆ ಕೊಡುವುದು ಇದೇ ಕಾರಣಕ್ಕೆ. ಅದೇ ತರ್ಕವನ್ನು ನಮ್ಮ ಮಳೆಗಾಲಕ್ಕೆ ಹಚ್ಚಿದರೆ ಜನವರಿ ತೀರಾ ಬೇಗ, ಜುಲೈ ತಡ, ಮೇ ಹದ.

ಈಗ ಆ ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಫ್ಲೂ ವೈರಸ್ ತನ್ನ ಮೇಲ್ಮೈಯನ್ನು ಸದಾ ಸ್ವಲ್ಪ ಸ್ವಲ್ಪ ಬದಲಿಸಿಕೊಳ್ಳುತ್ತಿರುತ್ತದೆ, ಹಾಗಾಗಿ ಹೋದ ವರ್ಷದ ಲಸಿಕೆ ಈ ವರ್ಷದ ವೈರಸ್ಸಿಗೆ ಪೂರ್ತಿ ಹೊಂದದೇ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆ 1952ರಿಂದ ನಡೆಸುತ್ತಿರುವ ಕಣ್ಗಾವಲು ಜಾಲದಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯೂ ಸೇರಿದಂತೆ ಅನೇಕ ದೇಶಗಳ ಪ್ರಯೋಗಾಲಯಗಳಿವೆ. ಅವು ಕಳಿಸುವ ಮಾಹಿತಿ ನೋಡಿ ತಜ್ಞರು ವರ್ಷಕ್ಕೆ ಎರಡು ಸಲ ಕೂರುತ್ತಾರೆ. ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧದ ಲಸಿಕೆಯಲ್ಲಿ ಯಾವ ವೈರಸ್ಸುಗಳಿರಬೇಕೆಂದು ನಿರ್ಧರಿಸುತ್ತಾರೆ, ಸೆಪ್ಟೆಂಬರಿನಲ್ಲಿ ದಕ್ಷಿಣದ್ದು. ಬಹುಪಾಲು ಲಸಿಕೆ ಇಂದಿಗೂ ಕೋಳಿಮೊಟ್ಟೆಯಲ್ಲಿ ಬೆಳೆಯುವುದರಿಂದ ತಯಾರಿಕೆಗೆ ಆರು ತಿಂಗಳಾದರೂ ಬೇಕು. ಸೆಪ್ಟೆಂಬರಿನಲ್ಲಿ ನಿರ್ಧಾರವಾದ ದಕ್ಷಿಣದ ಲಸಿಕೆ ಮುಂದಿನ ಏಪ್ರಿಲ್ ಹೊತ್ತಿಗೆ ಕೈಗೆ ಬರುತ್ತದೆ, ಫೆಬ್ರವರಿಯ ಉತ್ತರದ್ದು ಮಳೆಗಾಲದ ಕೊನೆಗೆ.

ಬೆಂಗಳೂರು ಭೂಮಧ್ಯರೇಖೆಯಿಂದ ಹದಿಮೂರು ಡಿಗ್ರಿ ಉತ್ತರಕ್ಕಿದೆ. ನಕ್ಷೆಯ ಮೇಲೆ ನಾವು ಉತ್ತರದವರು, ಫ್ಲೂ ಲೆಕ್ಕದಲ್ಲಿ ದಕ್ಷಿಣದವರು. ಮೇ ತಿಂಗಳಲ್ಲಿ ಕ್ಲಿನಿಕ್ಕಿಗೆ ಹೋದಾಗ ಪೆಟ್ಟಿಗೆಯ ಮೇಲೆ ಆ ವರ್ಷದ ಇಸವಿಯೂ ‘ಎಸ್‌ಎಚ್’ ಎಂಬ ಎರಡು ಅಕ್ಷರವೂ ಇವೆಯೇ ಎಂದು ಕೇಳಿ ನೋಡಿ. ಸದರ್ನ್ ಹೆಮಿಸ್ಫಿಯರ್ ಎಂಬುದರ ಗುರುತು ಅದು. ನಾಲ್ಕು ದಿನ ಮೊದಲೇ ಫೋನ್ ಮಾಡಿ ತರಿಸಿಡಲು ಹೇಳಿದರೆ ಇನ್ನೂ ಒಳ್ಳೆಯದು, ಏಕೆಂದರೆ ಸಣ್ಣ ಊರುಗಳಲ್ಲಿ ಕೇಳುವವರಿಲ್ಲವೆಂದೇ ತರಿಸುವುದಿಲ್ಲ. ಹೊಸದು ಎಲ್ಲೂ ಸಿಗದಿದ್ದರೆ, ಮಳೆ ಹಿಡಿದಾಗಿದ್ದರೆ, ಅವಧಿ ಮೀರದ ಹಳೆಯದನ್ನಾದರೂ ಹಾಕಿಸಿಕೊಳ್ಳುವುದು ಲೇಸು. ಉತ್ತರ, ದಕ್ಷಿಣದ ಲಸಿಕೆಗಳ ಪಟ್ಟಿಗಳಲ್ಲಿ ಎಷ್ಟೋ ಸಲ ಒಂದೆರಡು ವೈರಸ್ಸು ಅವೇ ಇರುತ್ತವೆ. ಅಂದು ಅಮ್ಮನನ್ನು ವಾಪಸು ಕರೆತಂದದ್ದು ಈ ಲೆಕ್ಕದಲ್ಲಿ ನನ್ನ ತಪ್ಪೇ.

ಇಷ್ಟೆಲ್ಲ ಮಾಡಬೇಕೇ, ಒಂದು ವಾರದ ಜ್ವರ ತಾನೇ ಎನ್ನುವವರಿದ್ದಾರೆ. ಮೂವತ್ತರ ವಯಸ್ಸಿಗೆ ಆ ಮಾತು ನಡೆದೀತು. ಕೆನಡಾದ ಒಂಟಾರಿಯೊ ಪ್ರಾಂತ್ಯದ ಆರೋಗ್ಯ ದಾಖಲೆಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ನೋಡಿ: ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಂಭವ ಉಳಿದ ಕಾಲದ ಸುಮಾರು ಆರು ಪಟ್ಟು. ಸೋಂಕಿನ ಉರಿಯೂತದಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚುತ್ತದೆ, ಕಿರಿದಾದ ರಕ್ತನಾಳದ ಗೋಡೆಗಂಟಿದ ಕೊಬ್ಬಿನ ಪದರ ಬಿರಿಯಬಹುದು. ಮನೆಯವರು “ಹಾರ್ಟ್ ಅಟ್ಯಾಕ್ ಆಯ್ತು” ಎನ್ನುತ್ತಾರೆ, ಹಿಂದಿನ ವಾರದ ಜ್ವರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ., ಸ್ಟೆಂಟ್, ಆಸ್ತಮಾ ಇದ್ದವರ ಮನೆಯವರು ಇದನ್ನು ನೆನಪಿಡಬೇಕು.

ಲಸಿಕೆ ಜ್ವರವನ್ನು ಪೂರ್ತಿ ತಡೆಯುತ್ತದೆಂದು ನಾನು ಹೇಳುವುದಿಲ್ಲ. ಹಾಕಿಸಿಕೊಂಡವರಿಗೂ ಬರಬಹುದು, ಆದರೆ ಐಸಿಯುವರೆಗೆ ಹೋಗುವುದು ಕಡಿಮೆಯಾಗುತ್ತದೆ. ಹೊರದೇಶಗಳಲ್ಲಿ ಹಿರಿಯರಿಗೆಂದೇ ನಾಲ್ಕು ಪಟ್ಟು ಪ್ರೋಟೀನಿನ ಲಸಿಕೆ ಇದೆ, ಒಂದೊಂದು ಬಗೆಯ ವೈರಸ್ಸಿಗೆ 15ರ ಬದಲು 60 ಮೈಕ್ರೋಗ್ರಾಂ. ಮೂವತ್ತು ಸಾವಿರಕ್ಕೂ ಹೆಚ್ಚು ಹಿರಿಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಾಮಾನ್ಯ ಲಸಿಕೆ ಪಡೆದವರಿಗಿಂತ ಇದನ್ನು ಪಡೆದವರಲ್ಲಿ ಫ್ಲೂ ಶೇ 24ರಷ್ಟು ಕಡಿಮೆ ಕಂಡಿತು. ಮಕ್ಕಳ ಬಳಿ ಅಮೆರಿಕಕ್ಕೆ ಹೋದವರು ಅಲ್ಲಿ ಇದನ್ನು ಕೇಳಿ ಪಡೆಯಬಹುದು.

ಹೀಗೆ ಅತ್ತಿತ್ತ ಓಡಾಡುವ ಹಿರಿಯರು ಕನ್ನಡಿಗರಲ್ಲಿ ಈಗ ಬಹಳ. ಬೇಸಿಗೆಗೆ ನ್ಯೂಜೆರ್ಸಿಗೋ ಡಲ್ಲಾಸಿಗೋ ಹೋಗಿ ಅಕ್ಟೋಬರಿಗೆ ಮರಳುವವರು ನಮ್ಮ ಮುಂಗಾರಿನ ಜ್ವರವನ್ನು ತಪ್ಪಿಸಿಕೊಂಡಿರುತ್ತಾರೆ, ಅಲ್ಲಿನ ಬೇಸಿಗೆಯಲ್ಲಿ ಫ್ಲೂ ತೀರಾ ಕಡಿಮೆ. ಅವರು ಮೇನಲ್ಲಿ ಹಾಕಿಸಿಕೊಂಡು ಹೋಗುವುದಕ್ಕಿಂತ ಸೆಪ್ಟೆಂಬರಿನಲ್ಲಿ ಅಲ್ಲೇ ಹಾಕಿಸಿಕೊಂಡು ಬರುವುದು ಜಾಣತನ, ಏಕೆಂದರೆ ನಮ್ಮಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಏರಿಕೆ ಇರುತ್ತದೆ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ಹಿರಿಯರೊಬ್ಬರು ಎಚ್‌3ಎನ್‌2ಗೆ ಬಲಿಯಾದ ಸುದ್ದಿ ರಾಜ್ಯವನ್ನೇ ಬೆಚ್ಚಿಸಿದ್ದು ಈ ಎರಡನೆಯ ಏರಿಕೆಯಲ್ಲೇ. ಮೆಲ್ಬರ್ನ್, ಸಿಡ್ನಿಗಳ ಮಾತು ಬೇರೆ. ಅಲ್ಲಿ ಜೂನ್‌ನಿಂದ ಆಗಸ್ಟ್ ಚಳಿಗಾಲ, ಫ್ಲೂ ಕಾಲವೂ ಹೆಚ್ಚುಕಡಿಮೆ ಅದೇ. ಅಲ್ಲಿಗೆ ಹೊರಟವರಿಗೂ ನಮ್ಮ ಏಪ್ರಿಲ್–ಮೇ ಲೆಕ್ಕವೇ ಸರಿ.

ಮೇ ತಿಂಗಳಿಗೆ ಇನ್ನೊಂದು ಕಾರಣವೂ ಇದೆ. ನಮ್ಮ ಶಾಲೆಗಳು ಬಾಗಿಲು ತೆರೆಯುವುದು ಮೇ ಕೊನೆ ಅಥವಾ ಜೂನ್ ಮೊದಲಿಗೆ, ಸರಿಯಾಗಿ ಮುಂಗಾರಿನ ಜೊತೆಗೆ. ಒದ್ದೆ ರೇನ್‌ಕೋಟು, ಮುಚ್ಚಿದ ಕಿಟಕಿ, ಒಂದೊಂದು ಬೆಂಚಿಗೆ ನಾಲ್ಕು ನಾಲ್ಕು ಮಕ್ಕಳು. ಸಂಜೆ ಅದೇ ಮಕ್ಕಳು ಅಜ್ಜಿಯ ಮಡಿಲಲ್ಲಿ. ಜಪಾನಿನಲ್ಲಿ 1962ರಿಂದ ಮೂರು ದಶಕ ಶಾಲಾಮಕ್ಕಳಿಗೆ ಫ್ಲೂ ಲಸಿಕೆ ಹಾಕಿದರು. ಆ ಕಾಲದಲ್ಲಿ ಚಳಿಗಾಲದ ಹೆಚ್ಚುವರಿ ಸಾವುಗಳು ಇಳಿದವು, 1994ರಲ್ಲಿ ಕಾರ್ಯಕ್ರಮ ನಿಂತ ಮೇಲೆ ಮತ್ತೆ ಏರಿದವು. ಹಾಗೆ ಸಾಯುವವರಲ್ಲಿ ಬಹುಪಾಲು ಮುದುಕರು. ಮಕ್ಕಳ ತೋಳಿಗೆ ಹಾಕಿದ್ದು ಅಜ್ಜ ಅಜ್ಜಿಯರನ್ನು ಕಾಯುತ್ತಿತ್ತು. ಕೈಯಲ್ಲಿ ಹಣವಿದ್ದರೆ ಮೊಮ್ಮಕ್ಕಳಿಗೂ ಅದೇ ವಾರ ಹಾಕಿಸಿ.

ಹಣದ ಮಾತು ಸಣ್ಣದಲ್ಲ. ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಹಿರಿಯರ ಫ್ಲೂ ಲಸಿಕೆ ಇಲ್ಲ, ಖಾಸಗಿಯಾಗಿ ಸಾವಿರ ರೂಪಾಯಿಯ ಮೇಲೆ ಕೊಡಬೇಕು. ಪಿಂಚಣಿ ಇಲ್ಲದ ಮನೆಗೆ ಅದು ಭಾರ. ಮುಂಗಾರಿಗೆ ಮುನ್ನ ಅರವತ್ತೈದು ದಾಟಿದವರಿಗೆ, ಮೊದಲು ಸಕ್ಕರೆ, ಹೃದಯ, ಶ್ವಾಸಕೋಶದ ಕಾಯಿಲೆ ಇರುವವರಿಗಾದರೂ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇದು ಸಿಗುವಂತಾಗಬೇಕೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಹಾಕಿಸುವ ದಿನಕ್ಕೆ ಕೆಲವು ಮಾತು. ಜ್ವರ ಇರುವ ದಿನ ಹಾಕಿಸಬೇಡಿ, ಇಳಿದ ಮೇಲೆ ಹೋಗಿ. ಹಿಂದೆ ಇದೇ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಸೂಜಿ ಚುಚ್ಚಿದ ಜಾಗವನ್ನು ಎರಡು ನಿಮಿಷ ಒತ್ತಿ ಹಿಡಿದರೆ ಸಾಕು. ನ್ಯುಮೋನಿಯಾ ತಡೆಯಲು ಹಾಕುವ ನ್ಯುಮೋಕಾಕಲ್ ಲಸಿಕೆಗೆ ಮಳೆ ಬಿಸಿಲಿನ ಲೆಕ್ಕವಿಲ್ಲ, ವರ್ಷ ವರ್ಷವೂ ಬೇಕಿಲ್ಲ, ಫ್ಲೂ ಲಸಿಕೆಯ ದಿನವೇ ಇನ್ನೊಂದು ತೋಳಿಗೆ ಹಾಕಿಸಬಹುದು. ಸಾಧ್ಯವಾದರೆ ಬೆಳಿಗ್ಗೆಯೇ ಹೋಗಿ. ಬರ್ಮಿಂಗ್‌ಹ್ಯಾಮಿನ ಸಂಶೋಧಕರು 276 ಹಿರಿಯರಲ್ಲಿ ಕೆಲವರಿಗೆ ಬೆಳಿಗ್ಗೆ 9ರಿಂದ 11ರೊಳಗೆ, ಉಳಿದವರಿಗೆ ಮಧ್ಯಾಹ್ನ 3ರಿಂದ 5ರೊಳಗೆ ಲಸಿಕೆ ಹಾಕಿ ನೋಡಿದ್ದರು. ಲಸಿಕೆಯಲ್ಲಿದ್ದ ಮೂರರಲ್ಲಿ ಎರಡು ಬಗೆಯ ವೈರಸ್ಸಿಗೆ ಬೆಳಗಿನವರಲ್ಲಿ ಹೆಚ್ಚು ಪ್ರತಿಕಾಯ ಹುಟ್ಟಿತ್ತು. ಒಂದೇ ಅಧ್ಯಯನದ ಮೇಲೆ ಪಟ್ಟು ಹಿಡಿಯಬೇಕಿಲ್ಲ, ಸಂಜೆಯೇ ಬಿಡುವಿದ್ದರೆ ಸಂಜೆಯೇ ಸರಿ.

ಈ ವರ್ಷ ಏಪ್ರಿಲ್ ಕೊನೆಗೇ ಫೋನ್ ಮಾಡಿ ತರಿಸಿಟ್ಟೆ. ಮೇ ಹನ್ನೆರಡರ ಬೆಳಿಗ್ಗೆ ಹತ್ತಕ್ಕೆ ಅಮ್ಮನಿಗೆ ಹಾಕಿಸಿಯಾಯಿತು, ಪೆಟ್ಟಿಗೆಯ ಇಸವಿಯನ್ನು ಅವರೇ ಕನ್ನಡಕ ಹಾಕಿಕೊಂಡು ಓದಿದರು. ನಿಮ್ಮ ಮನೆಯಲ್ಲಿ ಅರವತ್ತೈದು ದಾಟಿದವರಿದ್ದರೆ ಇಂದೇ ಕ್ಲಿನಿಕ್ಕಿಗೆ ಫೋನ್ ಮಾಡಿ, ಈ ವರ್ಷದ್ದು ಬಂದಿದೆಯೇ ಎಂದು ಕೇಳಿ.