ಕೆಟ್ಟ ಗೆಳತಿಗೆ ಪದವಿಲ್ಲ!

“ಅಜ್ಜಿ, ಅವಳು ಕೆಟ್ಟ ಗೆಳತಿ. ಇನ್ನು ಠೂ!” ಮೊಮ್ಮಗಳು ಮುಖ ಊದಿಸಿಕೊಂಡು ಬಂದಳು. ಪಕ್ಕ ಕೂರಿಸಿಕೊಂಡು ‘ಟೋಕಿ ಪೋನಾ’ ಕತೆ ಹೇಳಿದೆ.

ಮಕ್ಕಳೇ, ಇದು ಕೆನಡಾದ ಸೋನ್ಯಾ ಲ್ಯಾಂಗ್ 2001ರಲ್ಲಿ ಕಟ್ಟಿದ ಭಾಷೆ. ಅಕ್ಷರ 14, ಪದ ಸುಮಾರು 120 ಅಷ್ಟೇ! ಮಾತು ಸರಳವಾದರೆ ಯೋಚನೆಯೂ ತಿಳಿಯಾಗುತ್ತದೆ ಎಂಬುದು ಅವರ ಆಸೆ. ‘ಟೋಕಿ’ ಎಂದರೆ ಮಾತು. ‘ಪೋನಾ’ ಎಂದರೆ ಒಳ್ಳೆಯದು, ಸರಳ, ಎರಡೂ. ಪದ ಸಾಲದಿದ್ದರೆ ಜೋಡಿಸಬೇಕು. ‘ಟೋಮೊ’ ಮನೆ, ‘ಟಾವಾ’ ಚಲಿಸುವುದು; ‘ಟೋಮೊ ಟಾವಾ’ ಎಂದರೆ ವಾಹನ!

“ಗೆಳತಿಗೆ?”

“‘ಯಾನ್ ಪೋನಾ’. ಅಂದರೆ ಒಳ್ಳೆಯ ವ್ಯಕ್ತಿ.”

“ಹಾಗಾದ್ರೆ ಕೆಟ್ಟ ಗೆಳತಿಗೆ?”

“‘ಕೆಟ್ಟ ಒಳ್ಳೆಯವಳು’ ಅನ್ನಬೇಕಾಗುತ್ತೆ ಕಣೇ!”

ಕಿಸಕ್ಕನೆ ನಕ್ಕಳು. ಸಂಜೆ ಅಂಗಳದಲ್ಲಿ ಇಬ್ಬರೂ ಕುಂಟೆಬಿಲ್ಲೆ ಆಡುತ್ತಿದ್ದರು.