ವ್ಯಾಟ್ ಎಣಿಸಬೇಡಿ, ಹಾಲ್ ಅಳೆಯಿರಿ

ಟೀವಿ ತೆಳ್ಳಗಾದಷ್ಟೂ ಅದರ ದನಿ ಸೊರಗುತ್ತ ಬಂತು. ಹಿಂದಿನ ಡಬ್ಬದಂಥ ಟೀವಿಯಲ್ಲಿ ಸ್ಪೀಕರಿಗೆ ಜಾಗವಿತ್ತು, ಅದು ನೋಡುಗರ ಕಡೆಗೇ ಮುಖ ಮಾಡಿರುತ್ತಿತ್ತು. ಈಗಿನ 55 ಇಂಚಿನ ಟೀವಿಯ ಬೆನ್ನಲ್ಲಿ ಪುಟ್ಟ ಸ್ಪೀಕರುಗಳನ್ನು ತುರುಕಿ, ನೆಲದ ಕಡೆಗೋ ಗೋಡೆಯ ಕಡೆಗೋ ತಿರುಗಿಸಿ ಇಟ್ಟಿರುತ್ತಾರೆ. ಸದ್ದೆಂದರೆ ಗಾಳಿಯ ಅಲುಗಾಟ. ಡೊಳ್ಳು, ಗುಡುಗಿನಂಥ ದಪ್ಪ ಸದ್ದು ಹೊರಡಬೇಕಾದರೆ ಬಹಳಷ್ಟು ಗಾಳಿಯನ್ನು ಹಿಂದೆ ಮುಂದೆ ತಳ್ಳಬೇಕು. ಸ್ಪೀಕರಿನಲ್ಲಿ ಗಾಳಿ ತಳ್ಳುವ ಕೋನ್ ಅಂಗೈಗಿಂತ ಚಿಕ್ಕದಾದರೆ ಅದು ಆಗದ ಮಾತು. ಹಾಗಾಗಿಯೇ ರಾತ್ರಿ ಸಿನಿಮಾ ನೋಡಲು ಕೂತ ಮನೆಗಳಲ್ಲೆಲ್ಲ ಒಂದೇ ಕಸರತ್ತು: ಮಾತು ಕೇಳಿಸುತ್ತಿಲ್ಲವೆಂದು ವಾಲ್ಯೂಮ್ ಏರಿಸುವುದು, ಫೈಟು ಶುರುವಾದೊಡನೆ ಮಲಗಿದ ಮಗು ಎದ್ದೀತೆಂದು ಗಡಬಡಿಸಿ ಇಳಿಸುವುದು.

ಇದಕ್ಕೆ ಅಂಗಡಿಯವರು ಮೊದಲು ತೋರಿಸುವ ಮದ್ದು ಸೌಂಡ್‌ಬಾರ್. ಜಾಗ ಕಡಿಮೆಯಿದ್ದರೆ, ವೈರುಗಳ ರಗಳೆ ಬೇಡವೆಂದಿದ್ದರೆ ಅದು ಒಳ್ಳೆಯ ಆಯ್ಕೆಯೇ. ಆದರೆ ಅದು ಬೆಳೆಯುವ ವಸ್ತುವಲ್ಲ, ಒಳಗೊಂದು ಭಾಗ ಕೆಟ್ಟರೆ ಬಹುತೇಕ ಇಡಿಯಾಗಿ ಮೂಲೆ ಸೇರುತ್ತದೆ. ಒಳ್ಳೆಯ ಸೌಂಡ್‌ಬಾರಿನ ಬೆಲೆಗೇ, ಅಂದರೆ 35-40 ಸಾವಿರ ರೂಪಾಯಿಯ ಆಸುಪಾಸಿನಲ್ಲಿ, ಆರಂಭಿಕ ದರ್ಜೆಯ ಎವಿ ರಿಸೀವರ್ ಸಿಗುತ್ತದೆ. ಸ್ಪೀಕರುಗಳನ್ನು ಬೇರೆಯಾಗಿ ಕೊಳ್ಳಬೇಕು ನಿಜ. ಈಗ ಎರಡು ತಂದು, ಮುಂದಿನ ದೀಪಾವಳಿಗೆ ನಡುವಿನದನ್ನು ಸೇರಿಸಬಹುದು. ರಿಸೀವರ್ ಹಳತಾಗಿ ಬದಲಾಯಿಸಿದರೂ ಸ್ಪೀಕರುಗಳು ಉಳಿಯುತ್ತವೆ.

ಸಿನಿಮಾದ ಸದ್ದು ಮನೆಗೆ ಬರುವುದು ಮಡಚಿ ಕಟ್ಟಿದ ಅಂಕಿಗಳ ಗಂಟಾಗಿ. ರಿಸೀವರ್ ಆ ಗಂಟು ಬಿಚ್ಚಿ, ಇದು ನಡುವಿನ ಸ್ಪೀಕರಿನದು, ಇದು ಎಡಪಕ್ಕದ್ದು ಎಂದು ಬೇರ್ಪಡಿಸುತ್ತದೆ. ದಪ್ಪ ಸದ್ದನ್ನು ಸೋಸಿ ಸಬ್‌ವೂಫರಿನ ಕಡೆ ಕಳಿಸುತ್ತದೆ. ಯಾವ ಸ್ಪೀಕರನ್ನು ಎಷ್ಟು ಮಿಲಿಸೆಕೆಂಡ್ ತಡಮಾಡಬೇಕೆಂದು ಲೆಕ್ಕ ಹಾಕುತ್ತದೆ. ಅಂಕಿಗಳನ್ನು ವಿದ್ಯುತ್ತಿನ ಅಲೆಗಳಾಗಿ ಬದಲಿಸಿ, ಕೊನೆಗೆ ಆ ಅಲೆಗಳಿಗೆ ಕೋನನ್ನು ಅಲ್ಲಾಡಿಸುವಷ್ಟು ಬಲ ತುಂಬುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ ಯಾವ ಎಲೆಗೆ ಏನು, ಎಷ್ಟು, ಯಾವಾಗ ಎಂದು ನೋಡಿ ಬಡಿಸುವ ಅನುಭವಿಯ ಕೆಲಸ ಇದು. ಅಂಗಡಿಯಲ್ಲಿ ಮಾತ್ರ ಕಟ್ಟಕಡೆಯ ಕೆಲಸದ ಬಗ್ಗೆಯೇ, ಬಲದ ಬಗ್ಗೆಯೇ, ಮಾತು ನಡೆಯುತ್ತದೆ. ಕಡಿಮೆ ಬಜೆಟ್ಟಿನವರು ಮೋಸಹೋಗುವುದು ಅಲ್ಲೇ. ಅವರು ನೋಡಬೇಕಾದದ್ದು ಉಳಿದ ಕೆಲಸಗಳನ್ನು.

ಮೊದಲು ಆ ಬಲದ ಅಂಕಿಗಳನ್ನೇ ನೋಡೋಣ. 1990ರ ದಶಕದ ಟೇಪ್‌ರೆಕಾರ್ಡರುಗಳ ಮೇಲೆ ‘ಪಿಎಂಪಿಒ’ ಎಂಬ ಅಕ್ಷರಗಳ ಜತೆ ನೂರಾರು, ಸಾವಿರಾರು ವ್ಯಾಟ್ ಅಚ್ಚಾಗಿರುತ್ತಿದ್ದುದು ಹಲವರಿಗೆ ನೆನಪಿರಬಹುದು. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ವಿಧಾನವೇ ಇರಲಿಲ್ಲ. ಇಂಥ ಉಬ್ಬಿಸಿದ ಅಂಕಿಗಳಿಗೆ ಕಡಿವಾಣ ಹಾಕಲು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ನಿಯಮ ತಂದಿತ್ತು. ಇವತ್ತಿನ ಹೆಸರಾಂತ ರಿಸೀವರುಗಳ ಮೇಲೆ ಪಿಎಂಪಿಒ ಕಾಣುವುದಿಲ್ಲ, ಆದರೆ ಒಂದೇ ಯಂತ್ರಕ್ಕೆ ಎರಡು ಮೂರು ಅಂಕಿಗಳಿರುತ್ತವೆ. ಯಮಹಾದ ಆರ್‌ಎಕ್ಸ್-ವಿ385 ಎಂಬ, ಐದು ಸ್ಪೀಕರಿಗೆ ಬಲ ಕೊಡುವ ಜನಪ್ರಿಯ ರಿಸೀವರನ್ನೇ ತೆಗೆದುಕೊಳ್ಳಿ. ಅದರ ವಿವರಪತ್ರದಲ್ಲಿ ಒಂದು ಕಡೆ ಪ್ರತಿ ಚಾನೆಲಿಗೆ, ಅಂದರೆ ಒಂದೊಂದು ಸ್ಪೀಕರಿನ ದಾರಿಗೆ, 135 ವ್ಯಾಟ್ ಎಂದಿದೆ. ಜತೆಗಿರುವ ಷರತ್ತು ಓದಿದರೆ ಗೊತ್ತಾಗುತ್ತದೆ: ಒಂದೇ ಚಾನೆಲ್ ದುಡಿಯುವಾಗ, 1000 ಹರ್ಟ್ಸಿನ ಒಂದೇ ಸ್ವರಕ್ಕೆ, ಶೇ 10ರಷ್ಟು ವಿರೂಪವನ್ನು ಸಹಿಸಿಕೊಂಡರೆ ಇಷ್ಟು. ಅದೇ ಪತ್ರದಲ್ಲಿ ಇನ್ನೊಂದು ಸಾಲು: ಎರಡು ಚಾನೆಲ್ ಒಟ್ಟಿಗೆ ದುಡಿಯುವಾಗ, 20ರಿಂದ 20,000 ಹರ್ಟ್ಸ್‌ವರೆಗೆ, ಶೇ 0.09ರ ವಿರೂಪದಲ್ಲಿ 70 ವ್ಯಾಟ್. ಎರಡೂ ಸತ್ಯವೇ. ಶೇ 10 ವಿರೂಪವಾದ ಸದ್ದನ್ನು ಯಾರೂ ಕೂತು ಕೇಳಲಾರರು, ಆದ್ದರಿಂದ ನಂಬಬೇಕಾದದ್ದು ಎರಡನೆಯ ಸಾಲು. ಐದೂ ಚಾನೆಲ್ ಒಮ್ಮೆಲೇ ಮೊರೆದರೆ ಅದೂ ಇಳಿಯುತ್ತದೆ, ಏಕೆಂದರೆ ಎಲ್ಲಕ್ಕೂ ಉಣಿಸುವುದು ಒಂದೇ ಟ್ರಾನ್ಸ್‌ಫಾರ್ಮರ್.

ಹಾಗಾದರೆ 70 ವ್ಯಾಟ್ ಸಾಕೇ? ಸಾಮಾನ್ಯ ಬುಕ್‌ಶೆಲ್ಫ್ ಸ್ಪೀಕರಿಗೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಸುಮಾರು 87 ಡೆಸಿಬೆಲ್ ಸದ್ದು ಬರುತ್ತದೆ. 3 ಮೀಟರ್ ಆಚೆಯ ಸೋಫಾ ಮುಟ್ಟುವಷ್ಟರಲ್ಲಿ, ಬಯಲಿನಲ್ಲಾದರೆ, ಸುಮಾರು 10 ಡೆಸಿಬೆಲ್ ಕರಗುತ್ತದೆ. ಗೋಡೆಗಳಿರುವ ಹಾಲಿನಲ್ಲಿ ಅಷ್ಟೂ ಕರಗುವುದಿಲ್ಲ. ಅಂದರೆ ಬರೀ 1 ವ್ಯಾಟಿಗೆ ಕಡಿಮೆಯೆಂದರೂ 77 ಡೆಸಿಬೆಲ್. ಎದುರುಬದುರು ಕೂತು ಆಡುವ ಮಾತು 60 ಡೆಸಿಬೆಲ್ಲಿನ ಆಸುಪಾಸು ಎಂದರೆ ಇದು ಎಷ್ಟು ಜೋರೆಂದು ಅಂದಾಜಾದೀತು. ಸಿನಿಮಾ ನೋಡುವ ಹೆಚ್ಚಿನ ಹೊತ್ತು ಒಂದೊಂದು ಸ್ಪೀಕರಿನಲ್ಲಿ ಹರಿಯುವುದು 1 ವ್ಯಾಟಿಗೂ ಕಡಿಮೆ. ಉಳಿದದ್ದೆಲ್ಲ ಬಾಂಬು ಸಿಡಿದಾಗ, ಗಾಜು ಒಡೆದಾಗ ಬರುವ ಕ್ಷಣದ ಏರಿಕೆಗಾಗಿ. ಬಲ ಇಮ್ಮಡಿಯಾದಾಗಲೆಲ್ಲ ಏರುವುದು 3 ಡೆಸಿಬೆಲ್ ಮಾತ್ರ, ಹಾಗಾಗಿ 64 ವ್ಯಾಟಿಗೆ ಸದ್ದು 95 ಡೆಸಿಬೆಲ್ ಮುಟ್ಟುತ್ತದೆ. ಫ್ಲ್ಯಾಟಿನ ಹಾಲಿಗೆ ಅದು ಧಾರಾಳ. 70 ವ್ಯಾಟಿನ ಬದಲು 100 ವ್ಯಾಟಿನದು ಕೊಂಡರೆ ಸಿಗುವ ಹೆಚ್ಚುವರಿ 1.5 ಡೆಸಿಬೆಲ್ ಕಿವಿಗೆ ಗೊತ್ತಾಗುವುದೇ ಕಷ್ಟ. ಆ ದುಡ್ಡಿನಲ್ಲಿ, 1 ವ್ಯಾಟಿಗೆ 87ರ ಬದಲು 90 ಡೆಸಿಬೆಲ್ ಕೊಡುವ ಸ್ಪೀಕರ್ ತಂದರೆ ಆಂಪ್ಲಿಫೈಯರ್ ಇಮ್ಮಡಿಯಾದಷ್ಟೇ ಲಾಭ. 4 ಓಮಿನ ಸ್ಪೀಕರುಗಳನ್ನು ಮಾತ್ರ ಅಗ್ಗದ ರಿಸೀವರಿಗೆ ಕಟ್ಟಬೇಡಿ. ಅವು ಹೆಚ್ಚು ಕರೆಂಟ್ ಎಳೆದು ಅದನ್ನು ಕಾಯಿಸುತ್ತವೆ.

ಇನ್ನು ಪೆಟ್ಟಿಗೆಯ ಮೇಲಿನ 5.1 ಎಂಬ ಲೆಕ್ಕ. ಎದುರಿಗೆ ಮೂರು, ಕೇಳುಗರ ಪಕ್ಕಕ್ಕೆ ಅಥವಾ ತುಸು ಹಿಂದಕ್ಕೆ ಎರಡು, ಜತೆಗೆ 120 ಹರ್ಟ್ಸಿಗಿಂತ ಕೆಳಗಿನ ಗುಡುಗಿಗಷ್ಟೇ ಮೀಸಲಾದ ‘ದಶಾಂಶ ಒಂದು’. 1987ರಲ್ಲಿ 5.1 ಎಂಬ ಈ ಹೆಸರು ಕೊಟ್ಟವರು ಅಮೆರಿಕದ ಧ್ವನಿತಜ್ಞ ಟಾಮ್ಲಿನ್ಸನ್ ಹೋಲ್ಮನ್. 1992ರ ‘ಬ್ಯಾಟ್‌ಮನ್ ರಿಟರ್ನ್ಸ್’ ಡಾಲ್ಬಿ ಡಿಜಿಟಲ್ ಸದ್ದಿನೊಂದಿಗೆ ತೆರೆಕಂಡಿತು, ಮರುವರ್ಷದ ‘ಜುರಾಸಿಕ್ ಪಾರ್ಕ್’ ಡಿಟಿಎಸ್ ತಂದಿತು. ಆಮೇಲೆ ನಮ್ಮ ಟಾಕೀಸುಗಳ ಪೋಸ್ಟರಿನಲ್ಲೂ ಡಿಟಿಎಸ್ ಎಂಬ ಮೂರಕ್ಷರ ನಾಯಕನ ಹೆಸರಿನಷ್ಟೇ ದಪ್ಪಗೆ ಕಾಣತೊಡಗಿತು. ಎಲ್ಲ ರಿಸೀವರುಗಳ ಮೇಲಿರುವ ಡಾಲ್ಬಿ ಎಂಬ ಹೆಸರಿಗೆ ನಮ್ಮ ದೇಶದ ನಂಟೂ ಇದೆ. ರೇ ಡಾಲ್ಬಿ 1963ರಿಂದ ಎರಡು ವರ್ಷ ಯುನೆಸ್ಕೊ ಸಲಹೆಗಾರನಾಗಿ ಭಾರತದಲ್ಲಿದ್ದು, ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣ ಸಂಸ್ಥೆಯಲ್ಲಿ ಕೆಲಸ ಮಾಡಿದ. ಇಲ್ಲಿಂದ ಹೋದವನೇ 1965ರಲ್ಲಿ ಲಂಡನ್ನಿನಲ್ಲಿ ತನ್ನ ಪ್ರಯೋಗಾಲಯ ಶುರುಮಾಡಿದ.

5.1ರ ಐದು ಸ್ಪೀಕರುಗಳಲ್ಲಿ ಅತಿ ಮುಖ್ಯವಾದದ್ದು ನಡುವಿನ ಸೆಂಟರ್ ಸ್ಪೀಕರ್, ಜನ ಅತಿ ಕಡಿಮೆ ದುಡ್ಡು ಹಾಕುವುದೂ ಅದಕ್ಕೇ. ಸಿನಿಮಾದ ಮಾತು ಬಹುಪಾಲು ಬರುವುದು ಅಲ್ಲಿಂದಲೇ. ರಿಸೀವರಿನ ಮೆನುವಿನಲ್ಲಿ ಸೆಂಟರನ್ನಷ್ಟೇ 2-3 ಡೆಸಿಬೆಲ್ ಏರಿಸಿದರೆ ಪಿಸುಮಾತೂ ಸ್ಪಷ್ಟವಾಗುತ್ತದೆ, ಹಿನ್ನೆಲೆ ಸಂಗೀತ ತನ್ನ ಮಟ್ಟದಲ್ಲೇ ಇರುತ್ತದೆ. ನೈಟ್ ಮೋಡ್ ಎಂಬ ಗುಂಡಿ ಜೋರು ಸದ್ದನ್ನು ತಗ್ಗಿಸಿ ಮೆಲುದನಿಯನ್ನು ಎತ್ತುತ್ತದೆ. ರಿಮೋಟಿನ ಕಸರತ್ತು ನಿಲ್ಲುವುದು ಇವೆರಡರಿಂದ, ವ್ಯಾಟುಗಳಿಂದಲ್ಲ. ಒಟ್ಟು 1 ಲಕ್ಷ ಇಟ್ಟುಕೊಂಡು ಹೊರಟವರಿಗೆ ನನ್ನ ಸಲಹೆ: ರಿಸೀವರಿಗೆ 40 ಸಾವಿರ ದಾಟಬೇಡಿ, ಮಿಕ್ಕಿದ್ದರಲ್ಲಿ ದೊಡ್ಡ ಪಾಲು ಸೆಂಟರಿಗೆ ಮತ್ತು ಸಬ್‌ವೂಫರಿಗೆ ಕೊಡಿ.

ತಲೆಯ ಮೇಲಿಂದಲೂ ಸದ್ದು ಸುರಿಸುವ ಡಾಲ್ಬಿ ಅಟ್ಮಾಸ್ 2012ರಲ್ಲಿ ಚಿತ್ರಮಂದಿರಕ್ಕೆ, 2014ರಲ್ಲಿ ಮನೆಗೆ ಬಂತು. ಸುತ್ತ ಐದು, ಮೇಲೆ ಎರಡು ಎಂದರೆ ಏಳು ಆಂಪ್ಲಿಫೈಯರುಗಳ ದುಬಾರಿ ರಿಸೀವರ್ ಬೇಕು. ಸೋಫಾ ಹಿಂಗೋಡೆಗೆ ಒರಗಿರುವ 10×12 ಅಡಿಯ ಹಾಲಿನಲ್ಲಿ, ಬಾಡಿಗೆಮನೆಯ ಸೀಲಿಂಗಿಗೆ ಮೊಳೆ ಹೊಡೆಯಲಾಗದ ಸ್ಥಿತಿಯಲ್ಲಿ, ಅರೆಬರೆ ಅಟ್ಮಾಸಿಗಿಂತ ಅಚ್ಚುಕಟ್ಟಾದ 5.1 ಎಷ್ಟೋ ಮೇಲು.

ರಿಸೀವರಿನ ನಿಜವಾದ ಜಾಣ್ಮೆ ಕಾಣುವುದು ಅದನ್ನು ಮನೆಗೆ ತಂದ ದಿನ. ಪೆಟ್ಟಿಗೆಯಲ್ಲಿ ಪುಟ್ಟ ಮೈಕ್ ಒಂದು ಇರುತ್ತದೆ. ನೀವು ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಟ್ರೈಪಾಡಿನ ಮೇಲೆ ಅದನ್ನು ನಿಲ್ಲಿಸಬೇಕು. ಕೈಯಲ್ಲಿ ಹಿಡಿಯಬಾರದು, ದಿಂಬಿನ ಮೇಲೂ ಇಡಬಾರದು. ಫ್ಯಾನ್ ಆರಿಸಿ, ಕುಕ್ಕರ್ ಕೂಗದ ಹೊತ್ತು ನೋಡಿ ಪರೀಕ್ಷೆ ಶುರುಮಾಡಿ. ಸರದಿಯಂತೆ ಒಂದೊಂದೇ ಸ್ಪೀಕರಿನಿಂದ ವಿಚಿತ್ರವಾದ ಸಿಳ್ಳು ಹೊರಡುತ್ತದೆ. ಅದು ಮೈಕಿಗೆ ಎಷ್ಟು ತಡವಾಗಿ, ಎಷ್ಟು ಜೋರಾಗಿ, ಯಾವ ಸ್ವರ ಉಬ್ಬಿ ಯಾವ ಸ್ವರ ಬತ್ತಿ ಬಂತೆಂದು ಯಂತ್ರ ಬರೆದುಕೊಳ್ಳುತ್ತದೆ. ಸದ್ದು ಒಂದು ಅಡಿ ಸಾಗಲು ಸುಮಾರು 0.9 ಮಿಲಿಸೆಕೆಂಡ್ ಬೇಕು. ಎದುರಿನ ಸ್ಪೀಕರ್ 10 ಅಡಿ, ಪಕ್ಕದ್ದು 4 ಅಡಿ ದೂರದಲ್ಲಿದ್ದರೆ ಪಕ್ಕದ್ದರ ಸದ್ದು 5 ಮಿಲಿಸೆಕೆಂಡಿಗೂ ಮುಂಚೆ ಬಂದುಬಿಡುತ್ತದೆ. ಒಂದೇ ಸದ್ದು ಎರಡು ಕಡೆಯಿಂದ ಬಂದರೆ ಮೊದಲು ಬಂದ ದಿಕ್ಕನ್ನೇ ಕಿವಿ ನಂಬುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರ ತನ್ನ ಪ್ರಬಂಧದಲ್ಲಿ ಇದನ್ನು ತೋರಿಸಿಕೊಟ್ಟಿದ್ದ. ಅದಕ್ಕೇ ರಿಸೀವರ್ ಹತ್ತಿರದವನ್ನು ಬೇಕೆಂದೇ ತಡಮಾಡಿ, ಎಲ್ಲವೂ ಒಟ್ಟಿಗೆ ಬಂದು ಮುಟ್ಟುವಂತೆ ನೋಡಿಕೊಳ್ಳುತ್ತದೆ.

ಪರೀಕ್ಷೆ ಮುಗಿದ ಮೇಲೆ ಪರದೆಯಲ್ಲಿ ಬರುವ ಅಂಕಿಗಳನ್ನೊಮ್ಮೆ ನೋಡಿ. 9 ಅಡಿ ದೂರದ ಸಬ್‌ವೂಫರನ್ನು 15 ಅಡಿ ಎಂದು ತೋರಿಸಬಹುದು. ತಪ್ಪಾಗಿದೆಯೆಂದು ಟೇಪು ಹಿಡಿದು ತಿದ್ದಲು ಹೋಗಬೇಡಿ. ಸಬ್‌ವೂಫರಿನ ಒಳಗಿನ ಸರ್ಕ್ಯೂಟ್ ಸದ್ದನ್ನು ಕೆಲವು ಮಿಲಿಸೆಕೆಂಡ್ ತಡಮಾಡುತ್ತದೆ, ಯಂತ್ರ ಅದನ್ನೂ ದೂರವೆಂದೇ ಲೆಕ್ಕಕ್ಕೆ ಹಿಡಿದಿರುತ್ತದೆ. ಸ್ಪೀಕರುಗಳ ಎದುರು ‘ಲಾರ್ಜ್’ ಎಂದಿದ್ದರೆ ಮಾತ್ರ ‘ಸ್ಮಾಲ್’ ಮಾಡಿ, ಕ್ರಾಸ್‌ಓವರನ್ನು, ಅಂದರೆ ಯಾವ ಸ್ವರದ ಕೆಳಗಿನ ಸದ್ದು ಸಬ್‌ವೂಫರಿಗೆ ಹೋಗಬೇಕೆಂಬ ಗಡಿಯನ್ನು, 80 ಹರ್ಟ್ಸಿಗೆ ಇಡಿ. 80 ಹರ್ಟ್ಸಿನ ಅಲೆಯ ಉದ್ದ 4 ಮೀಟರಿಗೂ ಹೆಚ್ಚು. ಅಷ್ಟು ಉದ್ದದ ಅಲೆ ಕೋಣೆಯ ಯಾವ ಕಡೆಯಿಂದ ಬಂತೆಂದು ಗುರುತಿಸಲು ಕಿವಿಗೆ ಆಗುವುದಿಲ್ಲ, ಹಾಗಾಗಿ ಸಬ್‌ವೂಫರ್ ಮೂಲೆಯಲ್ಲಿದ್ದರೂ ಗುಡುಗು ಪರದೆಯಿಂದಲೇ ಬಂದಂತಿರುತ್ತದೆ. ದಪ್ಪ ಸದ್ದಿನ ಭಾರ ಇಳಿದ ಮೇಲೆ 70 ವ್ಯಾಟಿನ ಆಂಪ್ಲಿಫೈಯರೂ ನಿರಾಳವಾಗಿ ಉಸಿರಾಡುತ್ತದೆ.

ದಪ್ಪ ಸದ್ದಿಗೆ ಕೋಣೆಯ ಅಳತೆಯೂ ಮುಖ್ಯ. ಎರಡು ಗೋಡೆಗಳ ನಡುವೆ 12 ಅಡಿ ಇದ್ದರೆ 47 ಹರ್ಟ್ಸಿನ ಅರ್ಧ ಅಲೆ ಅಲ್ಲಿ ಸರಿಯಾಗಿ ಹಿಡಿಸುತ್ತದೆ. ಆ ಸ್ವರ ಗೋಡೆಯ ಪಕ್ಕದಲ್ಲಿ ಬೊಂ ಎಂದು ಮೊಳಗುತ್ತದೆ, ಕೋಣೆಯ ನಟ್ಟನಡುವೆ ಹೆಚ್ಚುಕಡಿಮೆ ಮಾಯವಾಗುತ್ತದೆ. ಉಬ್ಬನ್ನು ರಿಸೀವರ್ ಕತ್ತರಿಸಬಲ್ಲದು, ಆದರೆ ಅಲೆಗಳು ಒಂದನ್ನೊಂದು ಅಳಿಸಿಹಾಕುವ ಹೊಂಡವನ್ನು ಎಷ್ಟು ಬಲ ಸುರಿದರೂ ತುಂಬಲಾರದು. ಅದಕ್ಕೆ ಪುಕ್ಕಟೆ ಉಪಾಯವೊಂದಿದೆ. ಸಬ್‌ವೂಫರನ್ನು ಎತ್ತಿ ಸೋಫಾದ ಮೇಲೆ, ನೀವು ಕೂರುವ ಜಾಗದಲ್ಲಿ ಇಟ್ಟು, ಬಾಸ್ ಗಿಟಾರ್ ಇರುವ ಹಾಡು ಹಾಕಿ, ಗೋಡೆಯಂಚಿನಲ್ಲಿ ಅಂಬೆಗಾಲಿಡುತ್ತ ಹೋಗಿ. ಎಲ್ಲಿ ಪ್ರತಿ ಸ್ವರವೂ ಸಮನಾಗಿ ಕೇಳುತ್ತದೋ ಅಲ್ಲೇ ಸಬ್‌ವೂಫರ್ ಇಡಿ. ವಿಟ್ರಿಫೈಡ್ ಟೈಲ್ಸಿನ ನೆಲ, ಬೋಳು ಗೋಡೆಗಳ ಮಾರ್ದನಿಗೂ ಯಂತ್ರದಲ್ಲಿ ಪೂರ್ತಿ ಮದ್ದಿಲ್ಲ. ಸೋಫಾದ ಮುಂದೊಂದು ದಪ್ಪ ಜಮಖಾನೆ, ಕಿಟಕಿಗೆ ದಪ್ಪ ಪರದೆ, ಗೋಡೆಗೆ ಪುಸ್ತಕದ ಕಪಾಟು ಬೇಕು. ಕೊಳ್ಳುವಾಗ ಕೇಳಲೇಬೇಕಾದ ಪ್ರಶ್ನೆಯೂ ಇಲ್ಲೇ ಇದೆ: ಈ ಮಾಡೆಲ್ ದೂರ ಮತ್ತು ಜೋರನ್ನಷ್ಟೇ ಹೊಂದಿಸುತ್ತದೆಯೋ, ಸ್ವರಗಳ ಏರಿಳಿತವನ್ನೂ ತಿದ್ದುತ್ತದೆಯೋ? ಸಬ್‌ವೂಫರಿನದನ್ನೂ ತಿದ್ದುತ್ತದೆಯೋ? ಎರಡು ಮಾಡೆಲುಗಳ ನಡುವೆ ಐದಾರು ಸಾವಿರದ ವ್ಯತ್ಯಾಸವಿದ್ದರೆ ಅದನ್ನು ಇದಕ್ಕೇ ಕೊಡಿ.

ಟೀವಿಗೆ ಜೋಡಿಸುವ ವಿಷಯ ಸುಲಭ. ಟೀವಿಯ ಒಳಗಿನ ಆ್ಯಪುಗಳ ಸದ್ದು ಎಚ್‌ಡಿಎಂಐ ಕೇಬಲಿನಲ್ಲೇ ರಿಸೀವರಿಗೆ ಮರಳಿ ಬರುವ ದಾರಿಯ ಹೆಸರು ಎಆರ್‌ಸಿ. ಒಟಿಟಿಗಳ 5.1 ಸದ್ದಿಗೆ ಇದು ಸಾಕು. ಬ್ಲೂ-ರೇ ಡಿಸ್ಕಿನ ಕಸರಿಲ್ಲದ ಸದ್ದನ್ನೂ ಟೀವಿಯ ಮೂಲಕವೇ ಹಾಯಿಸಬೇಕಿದ್ದರೆ ಮಾತ್ರ ಇ-ಎಆರ್‌ಸಿ ಹುಡುಕಿ. ಸೆಕೆಂಡಿಗೆ 120 ಚಿತ್ರಗಳ 4ಕೆ ಎಂಬುದು ಗೇಮ್ ಆಡುವವರಿಗಷ್ಟೇ ಬೇಕಾದದ್ದು.

ಈ ಎಆರ್‌ಸಿಯಲ್ಲೇ ಕಡಿಮೆ ದುಡ್ಡಿನವರಿಗೆ ದೊಡ್ಡ ಅವಕಾಶವೊಂದಿದೆ. ಹತ್ತು ವರ್ಷಕ್ಕಿಂತ ಹಳೆಯ ಒಳ್ಳೆಯ ರಿಸೀವರುಗಳನ್ನು ಜನ 4ಕೆ ಹಾಯುವುದಿಲ್ಲವೆಂದು ಮೂರುಕಾಸಿಗೆ ಮಾರುತ್ತಾರೆ. ಚಿತ್ರ ಅವುಗಳ ಮೂಲಕ ಹಾಯಬೇಕೆಂದು ಯಾರು ಹೇಳಿದರು? ಸೆಟ್‌ಟಾಪ್ ಬಾಕ್ಸನ್ನು ನೇರ ಟೀವಿಗೇ ಚುಚ್ಚಿ, ಸದ್ದನ್ನಷ್ಟೇ ಎಆರ್‌ಸಿಯಲ್ಲಿ ಕೆಳಗಿಳಿಸಿದರೆ ಆಯಿತು. ಎಆರ್‌ಸಿ ಬಂದದ್ದು 2009ರ ಎಚ್‌ಡಿಎಂಐ 1.4ರ ಜತೆ, ಹಾಗಾಗಿ ಆಮೇಲಿನ ಬಹಳಷ್ಟು ರಿಸೀವರುಗಳಲ್ಲಿ ಅದಿದೆ. ಇನ್ನೂ ಹಳೆಯದಾದರೆ ಆಪ್ಟಿಕಲ್ ವೈರಿನಲ್ಲಿ ಡಾಲ್ಬಿ ಡಿಜಿಟಲ್ 5.1 ಹಾಯುತ್ತದೆ. ಕೊಳ್ಳುವ ಮೊದಲು ಒಂದೊಂದೇ ಚಾನೆಲಿಗೆ ಸ್ಪೀಕರ್ ಕಟ್ಟಿ ಕೇಳಿ, ಅರ್ಧ ಗಂಟೆ ಓಡಿಸಿ, ಪರೀಕ್ಷೆಯ ಮೈಕ್ ಇದೆಯೇ ಎಂದು ಕೇಳಿ ತೆಗೆದುಕೊಳ್ಳಿ. ಒಂದು ಬ್ರಾಂಡಿನ ಮೈಕ್ ಇನ್ನೊಂದಕ್ಕೆ ಹೊಂದುವುದಿಲ್ಲ.

ಸ್ಪೀಕರ್ ವೈರಿಗೆ ಸಾವಿರಗಟ್ಟಲೆ ಸುರಿಯಬೇಕಿಲ್ಲ. 16 ಗೇಜಿನ ಶುದ್ಧ ತಾಮ್ರದ್ದು ಸಾಕು. ಕೆಂಪನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೇ ಸೇರಿಸಿ. ಒಂದು ಸ್ಪೀಕರಿನಲ್ಲಿ ಅದಲುಬದಲಾದರೆ ಒಂದರ ಕೋನ್ ಮುಂದೆ ಬರುವಾಗ ಇನ್ನೊಂದರದು ಹಿಂದೆ ಸರಿದು ದಪ್ಪ ಸದ್ದು ಬಡವಾಗುತ್ತದೆ. ರಿಸೀವರನ್ನು ಗಾಜಿನ ಬಾಗಿಲ ಶೋಕೇಸಿನಲ್ಲಿ ಕೂಡಿಹಾಕಬೇಡಿ. ಅದರ ಮೇಲೆ ಕಸೂತಿ ಬಟ್ಟೆಯಾಗಲಿ ಸೆಟ್‌ಟಾಪ್ ಬಾಕ್ಸಾಗಲಿ ಬೇಡ, ಬಿಸಿಗಾಳಿ ಹೊರಡಲು ಮೇಲೆ ನಾಲ್ಕೈದು ಇಂಚು ಬಿಡಿ. ಮಲೆನಾಡಿನವರು, ಕರಾವಳಿಯವರು ಗುಡುಗು ಶುರುವಾದೊಡನೆ ಪ್ಲಗ್ ಒಂದನ್ನೇ ಕಿತ್ತು ಸುಮ್ಮನಾಗಬೇಡಿ. ಸಿಡಿಲಿನ ಹೊಡೆತ ಡಿಶ್ ವೈರಿನಿಂದ ಸೆಟ್‌ಟಾಪ್ ಬಾಕ್ಸಿಗೆ ಇಳಿದು, ಅಲ್ಲಿಂದ ಎಚ್‌ಡಿಎಂಐ ಹಿಡಿದು ಟೀವಿ, ರಿಸೀವರ್ ಎರಡನ್ನೂ ಸುಡುವುದುಂಟು. ಆ ವೈರನ್ನೂ ಬಿಚ್ಚಿಡಿ.