ಅರ್ಜಿ ಯಾವ ಭಾಷೆಯಲ್ಲಿ? ಆರಿಸುವವರು ಯಾರು?

ಅಕ್ಕಲಕೋಟ, ಜತ್ತ ಕಡೆಯ ನಮ್ಮ ರೈತರಿಗೆ ಮರಾಠಿ ಬಾರದೆಂದಲ್ಲ. ಸೊಲ್ಲಾಪುರದ ಮಾರ್ಕೆಟ್ ಯಾರ್ಡಿನಲ್ಲಿ ಅಡತಿಯವನ ಜೊತೆ ಉಳ್ಳಾಗಡ್ಡಿ ದರಕ್ಕೆ ಜಗ್ಗಾಡುವುದು ಮರಾಠಿಯಲ್ಲೇ. ಹೊರಗೆ ಬಂದು ಚಹಾ ಕುಡಿಯುತ್ತ ಅವನನ್ನು ಬೈಯುವುದು ಕನ್ನಡದಲ್ಲಿ. ಎಲ್ಲಿ ಯಾವ ಮಾತು ಎಂಬುದನ್ನು ರೈತ ತಾನೇ ಆರಿಸಿಕೊಳ್ಳುತ್ತಾನೆ. ಆ ಆಯ್ಕೆ ಕೈತಪ್ಪುವುದು ಕಚೇರಿಯ ಕಿಟಕಿಯ ಮುಂದೆ.

ಉತಾರದಲ್ಲಿ ಹೆಸರು ತಪ್ಪಾಗಿದೆ, ತಂದೆ ತೀರಿಕೊಂಡರೂ ವಾರಸಾ ಆಗಿಲ್ಲ, ಬೆಳೆ ಪರಿಹಾರ ಬಂದಿಲ್ಲ. ಕನ್ನಡ ಶಾಲೆಯಲ್ಲಿ ಕಲಿತವನು ಅರ್ಜಿಯನ್ನೂ ಕನ್ನಡದಲ್ಲೇ ಬರೆದು ಒಯ್ಯುತ್ತಾನೆ. "ಇದು ನಡೆಯಂಗಿಲ್ರಿ, ಮರಾಠಿಯೊಳಗ ಬರಸ್ಕೊಂಡು ಬರ್ರಿ" ಎಂದುಬಿಟ್ಟರೆ ಅರ್ಜಿ ಬರೆದುಕೊಡುವವನನ್ನು ಹುಡುಕಬೇಕು. ರೊಕ್ಕ ಹೋದದ್ದು ಹೋಗಲಿ, ಅವನು ಏನು ಬರೆದ ಎಂಬುದು ಪೂರ್ತಿ ತಿಳಿಯದೆಯೇ ಸಹಿ ಹಾಕಬೇಕು. ತಕರಾರು ತನ್ನ ಹೊಲದ್ದು, ಮಾತು ಇನ್ನೊಬ್ಬನದು.

ಸಂವಿಧಾನದ 350ನೆಯ ಕಲಮು ಇರುವುದು ಇಂಥ ಪ್ರಸಂಗಕ್ಕೇ. ಕುಂದುಕೊರತೆಗೆ ಪರಿಹಾರ ಕೇಳುವ ಯಾವುದೇ ವ್ಯಕ್ತಿ, ರಾಜ್ಯದ ಯಾವುದೇ ಅಧಿಕಾರಿಗೆ, ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಕೊಡಬಹುದು. ಕೇಂದ್ರದ ಕಚೇರಿಗಳಿಗೂ ಹಾಗೆಯೇ. ಊರಲ್ಲಿ ಕನ್ನಡಿಗರು ಶೇಕಡಾ ಇಷ್ಟಿರಬೇಕೆಂಬ ಶರತ್ತು ಅದರಲ್ಲಿಲ್ಲ. ಹಕ್ಕು ಸಂಘಕ್ಕಲ್ಲ, ಒಬ್ಬೊಬ್ಬ ಮನುಷ್ಯನಿಗೆ.

ಕೊರತೆಯೂ ಅಲ್ಲೇ ಇದೆ. ಉತ್ತರವನ್ನು ಅದೇ ಭಾಷೆಯಲ್ಲಿ ಕೊಡಬೇಕೆಂದು ಆ ಕಲಮು ಹೇಳುವುದಿಲ್ಲ. ಕೇರಳ 1969ರಲ್ಲಿ ಮಾಡಿದ ಆಡಳಿತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರ ವಿಷಯದಲ್ಲಿ ಉತ್ತರವೂ ಅವರವರ ಭಾಷೆಯಲ್ಲೇ ಇರಬೇಕೆಂದು ಬರೆದಿತ್ತು. ಕಾಸರಗೋಡಿನ ಕಚೇರಿಗಳಲ್ಲಿ ಅದು ಎಷ್ಟು ನಡೆಯಿತೆಂಬುದು ಬೇರೆ ಮಾತು. ಬರೆಯಲು ಮನಸ್ಸಿದ್ದರೆ ಒಂದು ಸಾಲು ಸಾಕಾಯಿತಲ್ಲ!

2005ರ ಮಾಹಿತಿ ಹಕ್ಕು ಕಾಯ್ದೆಯ ದಾರಿ ಬೇರೆ. ಅದರ ಅರ್ಜಿ ಇಂಗ್ಲಿಷ್, ಹಿಂದಿ ಇಲ್ಲವೇ ಆ ಪ್ರದೇಶದ ಆಡಳಿತ ಭಾಷೆಯಲ್ಲಿರಬೇಕು. ಸೊಲ್ಲಾಪುರ ಜಿಲ್ಲೆಯಲ್ಲಿ ಅದು ಮರಾಠಿ. ಆದರೆ ಮಾಹಿತಿ ಯಾಕೆ ಬೇಕೆಂದು ಕಾರಣ ಹೇಳಬೇಕಿಲ್ಲ. ಬರೆಯಲಾಗದವನು ಬಾಯಿಂದ ಹೇಳಿದರೆ, ಅದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು. 30 ದಿನದೊಳಗೆ ಉತ್ತರ ಕೊಡಬೇಕು. ಕನ್ನಡದ ಮನವಿ ಮೂಲೆ ಸೇರಿದ್ದರೆ, ಅದರ ಗತಿ ಏನಾಯಿತೆಂದು ಈ ದಾರಿಯಿಂದ ಕೇಳಬಹುದು.

ಕೆಲಸ ಬೇಗ ಮುಗಿಯಲಿ ಎಂದು ಮರಾಠಿಯಲ್ಲೇ ಅರ್ಜಿ ಕೊಡುವವರೂ ಇದ್ದಾರೆ. ಅವರನ್ನು ದೂರುವ ಹಾಗಿಲ್ಲ. ಅದೂ ಅವರ ಆಯ್ಕೆಯೇ. ಕನ್ನಡದಲ್ಲಿ ಕೊಡಬೇಕೆನ್ನುವವರು ಮಾತ್ರ ಎರಡು ಪ್ರತಿ ಬರೆಯಿರಿ, ಮೇಲೆ 350ನೆಯ ಕಲಮನ್ನು ಕಾಣಿಸಿರಿ, ಒಂದರ ಮೇಲೆ ತಾರೀಖು ಹಾಕಿದ ಶಿಕ್ಕೆ ಕೇಳಿ ತೆಗೆದುಕೊಳ್ಳಿರಿ. ಶಿಕ್ಕೆ ಹಾಕಲು ಒಪ್ಪದಿದ್ದರೆ ಟಪಾಲಿಗೆ ಹಾಕಿ, ರಸೀದಿಯನ್ನು ಉತಾರದ ಜೊತೆಗೇ ಇಟ್ಟುಕೊಳ್ಳಿರಿ.